ಗುಬ್ಬಿ, ಕುಣಿಗಲ್ ದಾರಿಯಲ್ಲಿ ಜೋಡಿ ಸವಾರಿ

ನಾಯಕ ಬೈಕಿನ ಮೇಲೆ, ನಾಯಕಿ ಹಿಂದಿನ ಸೀಟಿನಲ್ಲಿ. ಗಾಳಿಗೆ ಹಾರುವ ಸೆರಗು, ಹಿಂದೆಯೇ ಒಂದು ಡ್ಯುಯೆಟ್... ಈ ಸೀನಿಗೆ ಶಿಳ್ಳೆ ಹೊಡೆಯದ ಅಭಿಮಾನಿ ಇದ್ದಾನೆಯೇ? 1976ರ ‘ನಾ ನಿನ್ನ ಮರೆಯಲಾರೆ’ಯಲ್ಲಿ ಅಣ್ಣಾವ್ರು ಬೈಕ್ ರೇಸಿನ ಹೀರೋ ಆಗಿ ಬಂದದ್ದನ್ನು ನಮ್ಮ ಜನ ಇವತ್ತಿಗೂ ಮರೆತಿಲ್ಲ. 1978ರಲ್ಲಿ ‘ಸಿಂಗಪೂರಿನಲ್ಲಿ ರಾಜಾಕುಳ್ಳ’ ಕನ್ನಡದ ಕ್ಯಾಮೆರಾವನ್ನು ಸಮುದ್ರ ದಾಟಿಸಿತು. 2003ರ ‘ಪ್ಯಾರಿಸ್ ಪ್ರಣಯ’ ಅದನ್ನು ಯೂರೋಪಿಗೇ ಕರೆದುಕೊಂಡು ಹೋಯಿತು. ಈಗಂತೂ ಹಿಮದ ಬೆಟ್ಟ ಇಲ್ಲದಿದ್ದರೆ ಪ್ರೇಮವೇ ಹುಟ್ಟೋದಿಲ್ಲವೇನೋ ಅನ್ನಿಸುತ್ತೆ!

ಯೂರೋಪಿನಲ್ಲಿ ಗಂಡ ಹೆಂಡತಿ ಬೈಕ್ ಹತ್ತಿ ದೇಶ ದೇಶ ಸುತ್ತುವುದು ನಿಜವಾಗಿಯೂ ಸೊಗಸೇ. ಬೆಳಿಗ್ಗೆ ಇಟಲಿಯಲ್ಲಿ ಕಾಫಿ, ಮಧ್ಯಾಹ್ನ ಸ್ವಿಟ್ಜರ್ಲೆಂಡಿನಲ್ಲಿ ಊಟ, ರಾತ್ರಿ ಆಸ್ಟ್ರಿಯಾದಲ್ಲಿ ನಿದ್ದೆ. 1985ರಲ್ಲಿ ಶೆಂಗೆನ್ ಅನ್ನೋ ಊರಿನಲ್ಲಿ ಆದ ಒಪ್ಪಂದದ ಫಲವಾಗಿ ಒಂದೇ ವೀಸಾದಲ್ಲಿ ಎಷ್ಟೋ ಗಡಿ ದಾಟಬಹುದು. ಇಟಲಿಯ ಸ್ಟೆಲ್ವಿಯೊ ಘಾಟಿಯಂತೂ ಬೈಕಿನವರ ಕಾಶಿ. ಎತ್ತರ 2757 ಮೀಟರು, ಒಂದು ಮಗ್ಗುಲಲ್ಲೇ 48 ತಿರುವು. ಆದರೆ ವಿಮಾನ, ವೀಸಾ, ಬಾಡಿಗೆ ಬೈಕು, ಹೋಟೆಲು ಅಂತ ಕೂಡಿಸಿದರೆ ನಮ್ಮಂಥವರ ಎರಡು ಮೂರು ವರ್ಷದ ಉಳಿತಾಯ ಖಲಾಸ್.

ಹಾಗಂತ ಸುಮ್ಮನೆ ಮನೆಯಲ್ಲಿ ಕೂರೋದಾ? ನಾನೂ ನನ್ನಾಕೆಯೂ ಹಳೇ ಯೆಜ್ಡಿ ಹತ್ತಿ ಬೆಂಗಳೂರಿನಿಂದ ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಿ ಬಂದೆವು. ಎರಡು ದಿನ, ಹೆಚ್ಚು ಕಮ್ಮಿ 220 ಕಿಲೋಮೀಟರು. ಯೆಜ್ಡಿ ಅಂದರೆ ಮೈಸೂರಿನಲ್ಲಿ ಹುಟ್ಟಿದ ಗಾಡಿ. ಆ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದರೂ ಗಾಡಿಯ ಗತ್ತು ಮುಚ್ಚಿಲ್ಲ ಕಣ್ರಿ!

ತಟ್ಟೆ ಇಡ್ಲಿ, ದಾಸೋಹ

ಬೆಂಗಳೂರಿನಿಂದ ತುಮಕೂರು 70 ಕಿ.ಮೀ. ಊರು ಸೇರುವ ಮೊದಲೇ ಕ್ಯಾತ್ಸಂದ್ರದಲ್ಲಿ ಗಾಡಿ ತಾನಾಗಿ ನಿಲ್ಲುತ್ತೆ, ತಟ್ಟೆ ಇಡ್ಲಿಯ ಘಮಕ್ಕೆ! ಬೆಣ್ಣೆ ಹಾಕಿಸಿಕೊಂಡು ತಿಂದು, ಪಕ್ಕದ ಸಿದ್ಧಗಂಗಾ ಮಠಕ್ಕೆ ಹೋದೆವು. 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಜಾಗ. ಇಲ್ಲಿ ದಾಸೋಹಕ್ಕೆ ಕೂರುವವನನ್ನು ನಿನ್ನ ಜಾತಿ ಯಾವುದು ಅಂತ ಯಾರೂ ಕೇಳುವುದಿಲ್ಲ.

ರಾತ್ರಿ ತುಮಕೂರಿನ ಒಂದು ಲಾಡ್ಜಿಗೆ ಹೋದರೆ ಅಲ್ಲಿನ ಗುಮಾಸ್ತ ಮೊದಲು ನೋಡಿದ್ದು ನನ್ನಾಕೆಯ ಕೊರಳನ್ನು. ತಾಳಿ ಕಂಡ ಮೇಲೆಯೇ ರಿಜಿಸ್ಟರು ತೆಗೆದ. “ಜೀನ್ಸ್ ಪ್ಯಾಂಟು, ಹೆಲ್ಮೆಟ್ಟು ನೋಡಿ ಅನುಮಾನ ಬಂದಿರಬೇಕು ರೀ” ಅಂತ ಆಕೆ ನಕ್ಕಳು.

ಗಾಡಿಯ ಮೇಲೊಂದು ನಾಟಕಲೋಕ

ಮರುದಿನ ಬೆಳಿಗ್ಗೆ ಗುಬ್ಬಿ. ತುಮಕೂರಿನಿಂದ 20 ಕಿ.ಮೀ. ತೆಂಗು, ಅಡಿಕೆ ತೋಟಗಳ ನಡುವೆ ಅರ್ಧ ಗಂಟೆ. ಚನ್ನಬಸವೇಶ್ವರನ ಗುಡಿಯ ಮುಂದೆ ಗಾಡಿ ನಿಲ್ಲಿಸಿದೆವು. ಸಿನಿಮಾ ಪ್ರಿಯರೇ, ಇಲ್ಲಿ ಒಂದು ಸಲ ಕೈಮುಗಿಯಬೇಕು. ಈ ದೇವರ ಹೆಸರಿನ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ಅದರ ಮಾಲೀಕರಾಗಿ ಬೆಳೆದವರು ನಾಟಕರತ್ನ ಗುಬ್ಬಿ ವೀರಣ್ಣನವರು. ಪರದೆ, ಕಿರೀಟ, ಗದೆ, ಅಡುಗೆ ಪಾತ್ರೆ, ಹೆಂಡತಿ ಮಕ್ಕಳು ಎಲ್ಲರನ್ನೂ ಕಟ್ಟಿಕೊಂಡು ಕಂಪನಿ ಊರೂರು ಸುತ್ತಿತು. ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದವರು!

ಈ ಪಯಣದಲ್ಲಿ ಜೊತೆಯಾದವರು ಬಿ. ಜಯಮ್ಮ. ಹೆಣ್ಣಿನ ಪಾರ್ಟನ್ನು ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳನ್ನು ರಂಗಕ್ಕೆ ತಂದ ಕಂಪನಿ ಇದು. ಮೂಕಿ ಚಿತ್ರದ ಕಾಲದಲ್ಲಿ ರಫೇಲ್ ಆಲ್ಗೋಯೆಟ್ ಎಂಬ ಯೂರೋಪಿನ ನಿರ್ದೇಶಕ ‘ಹಿಸ್ ಲವ್ ಅಫೇರ್’ ತೆಗೆದಾಗ ಅದರ ಜೋಡಿ ವೀರಣ್ಣ, ಜಯಮ್ಮನವರೇ. ಅಂದರೆ ನಮ್ಮ ಹೀರೋ ಯೂರೋಪಿಗೆ ಹೋಗುವ ಎಷ್ಟೋ ಮೊದಲೇ ಯೂರೋಪು ಗುಬ್ಬಿಯವರನ್ನು ಹುಡುಕಿಕೊಂಡು ಬಂದಿತ್ತು! 1945ರ ‘ಹೇಮರೆಡ್ಡಿ ಮಲ್ಲಮ್ಮ’ದಲ್ಲೂ ಇದೇ ಜೋಡಿ. 1954ರಲ್ಲಿ ಮುತ್ತುರಾಜ ಎಂಬ ಕಂಪನಿ ನಟ ‘ಬೇಡರ ಕಣ್ಣಪ್ಪ’ನಾಗಿ, ರಾಜ್‌ಕುಮಾರ್ ಆಗಿ ತೆರೆಗೆ ಬಂದದ್ದರ ಹಿಂದೆಯೂ ವೀರಣ್ಣನವರಿದ್ದರು. ಅಣ್ಣಾವ್ರೂ, ಅವರ ತಂದೆ ಪುಟ್ಟಸ್ವಾಮಯ್ಯನವರೂ ಪಳಗಿದ್ದು ಗುಬ್ಬಿ ಕಂಪನಿಯಲ್ಲಿ. 1972ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ವೀರಣ್ಣನವರು ತೀರಿಕೊಂಡರು.

ಗುಡಿಯ ಕಟ್ಟೆಯ ಮೇಲೆ ಎಳನೀರು ಕುಡಿಯುತ್ತಾ ಇದನ್ನೆಲ್ಲ ಹೇಳಿ ಮುಗಿಸಿದೆ. ನನ್ನಾಕೆ ಕೇಳಿದಳು: “ಜಯಮ್ಮನವರು ರಂಗದಲ್ಲಿ ಮುಂದೆ ನಿಂತಿದ್ದರು ತಾನೇ?”

“ಮತ್ತೆ? ಹೀರೋಯಿನ್ನು!”

“ನಾನು ಮಾತ್ರ ಬೆಂಗಳೂರಿನಿಂದ ಇಲ್ಲೀವರೆಗೂ ನೋಡಿದ್ದು ನಿಮ್ಮ ಹೆಲ್ಮೆಟ್ಟಿನ ಹಿಂಭಾಗ. ನನ್ನ ಹತ್ರಾನೂ ಲೈಸೆನ್ಸ್ ಇದೆ. ಕುಣಿಗಲ್‌ಗೆ ನಾನು ಓಡಿಸ್ತೀನಿ.”

ರಾಜಕುಮಾರಿಯ ಕೈಗೆ ಹ್ಯಾಂಡಲ್

1953ರ ಹಾಲಿವುಡ್ ಚಿತ್ರ ‘ರೋಮನ್ ಹಾಲಿಡೇ’ ನೋಡಿದವರಿಗೆ ನೆನಪಿರಬಹುದು. ರಾಜಕುಮಾರಿ ಆಡ್ರೆ ಹೆಪ್‌ಬರ್ನ್ ರೋಮ್ ಬೀದಿಯಲ್ಲಿ ವೆಸ್ಪಾ ಸ್ಕೂಟರಿನ ಹ್ಯಾಂಡಲ್ ತಾನೇ ಹಿಡಿದುಬಿಡುತ್ತಾಳೆ. ಹಿಂದೆ ಕೂತ ಗ್ರೆಗರಿ ಪೆಕ್ ಪಾಡು ಕೇಳಬೇಡಿ! ತುಮಕೂರಿಗೆ ವಾಪಸ್ ಬಂದು ಕುಣಿಗಲ್ ರಸ್ತೆ ಹಿಡಿದಾಗ ನನ್ನದೂ ಅದೇ ಪಾರ್ಟು. ಯೆಜ್ಡಿಯಲ್ಲಿ ಕಿಕ್ಕರೂ ಗೇರೂ ಒಂದೇ ಕಡ್ಡಿ. ಕಿಕ್ ಹೊಡೆದು ಅದನ್ನೇ ಮುಂದಕ್ಕೆ ಮಡಚಿ ಗೇರು ಹಾಕಬೇಕು. ಮೂರನೇ ಸಲಕ್ಕೆ ಗಾಡಿ ಗುಡುಗಿತು. ಗೂಳೂರು ದಾಟುವಷ್ಟರಲ್ಲಿ ಆಕೆಯ ಕೈ ಕುದುರಿತು.

ಗೂಳೂರು ದೊಡ್ಡ ಮಣ್ಣಿನ ಗಣಪನಿಗೆ ಹೆಸರಾದ ಊರು. ಅಲ್ಲೇ ಹತ್ತಿರ ಕೈದಾಳ. ಮಗ ಡಂಕಣನ ಎದುರು ಸೋತು ಕೈ ಕತ್ತರಿಸಿಕೊಂಡ ಜಕಣಾಚಾರಿಗೆ ಇಲ್ಲಿ ಕೇಶವನನ್ನು ಕಡೆದ ಮೇಲೆ ಮತ್ತೆ ಕೈ ಬಂತು ಅನ್ನೋದು ಊರಿನ ಕತೆ. ಶಾಸನದ ಲೆಕ್ಕದಲ್ಲಿ ಈ ಗುಡಿ ಹೊಯ್ಸಳರ ಕಾಲದ್ದು, 12ನೇ ಶತಮಾನದ್ದು. ಕತೆಯನ್ನು ಮನೆಮನೆಗೆ ಮುಟ್ಟಿಸಿದ್ದು 1964ರ ‘ಅಮರಶಿಲ್ಪಿ ಜಕಣಾಚಾರಿ’, ಕಲ್ಯಾಣ್‌ಕುಮಾರ್, ಬಿ. ಸರೋಜಾದೇವಿ ಜೋಡಿ, ಬಿ.ಎಸ್. ರಂಗಾ ನಿರ್ದೇಶನ, ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ತೆರೆಯ ಮೇಲೆ ನೋಡಿದ ಕೇಶವನ ಮುಂದೆ ನಿಜವಾಗಿ ನಿಂತಾಗ ಮೈ ಜುಮ್ಮೆನ್ನುತ್ತೆ.

ಗುಡಿಯ ಹೊರಗೆ ಹೂ ಕಟ್ಟುತ್ತಿದ್ದ ಅಜ್ಜಿಯೊಬ್ಬರು ನನ್ನಾಕೆ ಕಿಕ್ ಹೊಡೆಯುವುದನ್ನೇ ನೋಡುತ್ತಿದ್ದರು. ಬೈಯುತ್ತಾರೇನೋ ಅಂದುಕೊಂಡೆ. “ಏನವ್ವಾ, ನೀನೇ ಓಡ್ಸೀಯಾ? ನಮ್ ಕಾಲ್ದಾಗೆ ಗಾಡಿ ಹಿಂದ್ಗಡೆ ಕಾಲು ಇಳೇಬಿಟ್ಕಂಡು ಕುಂತ್ಕಂಡೇ ಜೀವ ಕಳೀತು. ಉಸಾರಾಗಿ ಹೋಗವ್ವ” ಅಂದು ಒಂದು ಮೊಳ ಮಲ್ಲಿಗೆ ಕೊಟ್ಟರು, ಕಾಸು ಬೇಡ ಅಂದರು. ಹೆಲ್ಮೆಟ್ ಇದ್ದುದರಿಂದ ಅದನ್ನು ಹ್ಯಾಂಡಲಿಗೇ ಕಟ್ಟಿದೆವು.

ಹೆಬ್ಬೂರು ಕಳೆದು ಕುಣಿಗಲ್. ಜನಪದ ಹಾಡಿನಲ್ಲಿ ಮೆರೆದ ಕೆರೆಯನ್ನು ಆಕೆ ಮುಂದಿನ ಸೀಟಿನಿಂದ ಮೊದಲು ನೋಡಿದಳು. ನಾನು ಆಕೆಯ ಭುಜದ ಮೇಲಿಂದ. ಸಂಜೆಯ ಬಿಸಿಲಿಗೆ ನೀರು ಹೊಳೀತಿತ್ತು. ಇಲ್ಲಿನ ಕುದುರೆ ಫಾರಂ ಟಿಪ್ಪು ಸುಲ್ತಾನನ ಕಾಲದ್ದು. ಆಗ ದಂಡಿನ ಕುದುರೆ, ಆಮೇಲೆ ರೇಸಿನ ಕುದುರೆ.

ಹೊರಡುವ ಜೋಡಿಗಳಿಗೆ ಒಂದೆರಡು ಮಾತು. ಹೆಲ್ಮೆಟ್ ಇಬ್ಬರಿಗೂ ಬೇಕು. 2016ರಿಂದ ಕರ್ನಾಟಕದಲ್ಲಿ ಹಿಂದೆ ಕೂತವರಿಗೂ ಕಡ್ಡಾಯ. ಸೀರೆ ಉಟ್ಟರೆ ಸೆರಗು ಸಿಕ್ಕಿಸಿ, ಸೀರೆ ಗಾರ್ಡ್ ಇರಲಿ. ಸೆರಗು ಹಾರುವುದು ತೆರೆಯ ಮೇಲೆ ಚೆಂದ, ಚಕ್ರದ ಹತ್ತಿರ ಅಪಾಯ. ಕತ್ತಲಾಗುವ ಮೊದಲೇ ಹೆದ್ದಾರಿ ಮುಗಿಸಿ. ಯೂರೋಪಿಗೆ ದುಡ್ಡು ಕೂಡಿದ ದಿನ ಖಂಡಿತ ಹೋಗಿಬನ್ನಿ, ಅಲ್ಲಿಯವರೆಗೆ ಗುಬ್ಬಿ ಇದೆ, ಕೈದಾಳ ಇದೆ, ಕುಣಿಗಲ್ ಇದೆ. ಎಲ್ಲಿಗೇ ಹೊರಟರೂ ಅರ್ಧ ದಾರಿ ಹ್ಯಾಂಡಲ್ ಯಾರ ಕೈಲಿ ಅನ್ನೋದನ್ನು ಮನೆಯಲ್ಲೇ ಮಾತಾಡಿಕೊಂಡು ಹೊರಡಿ!