ಯಾರೂ ಇಲ್ಲದ ಊರಿನ ಫೋಟೋಗಳು

ನಮ್ಮ ಮನೆಯ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆಯಿದೆ. ಅದರ ತುಂಬ ಫೋಟೋಗಳು. ಮದುವೆಯದಲ್ಲ, ಈದ್‌ನದಲ್ಲ, ಮಕ್ಕಳ ಹುಟ್ಟುಹಬ್ಬದ್ದೂ ಅಲ್ಲ. ಎಲ್ಲವೂ ಪಾಳುಬಿದ್ದ ಜಾಗಗಳವು. ಚಾವಣಿ ಹಾರಿಹೋದ ಮನೆ, ಆಲದ ಬೇರು ತಬ್ಬಿಕೊಂಡ ಗೋಡೆ, ಹಳಿಯಿಲ್ಲದ ರೈಲು ನಿಲ್ದಾಣ, ಮುಳ್ಳು ಬೆಳೆದ ಗೋರಿ. ನಾವಿಬ್ಬರೂ ಶಾಲಾ ಮಾಸ್ತರಿಕೆ ಮಾಡಿದವರು. ಬೇಸಿಗೆ ರಜೆಯಲ್ಲಿ ನೆಂಟರೆಲ್ಲ ಅಜ್ಮೀರಿಗೋ ಊಟಿಗೋ ಹೊರಟರೆ ನಾವು ಜನ ಬಿಟ್ಟುಹೋದ ಜಾಗ ಎಲ್ಲಿದೆ ಎಂದು ಹುಡುಕಿಕೊಂಡು ಬಸ್ಸು ಹತ್ತುತ್ತಿದ್ದೆವು. ಬಳಗದಲ್ಲಿ ನಮಗೆ 'ದೆವ್ವಗಳ ಬೀಗರು' ಎಂಬ ಹೆಸರೂ ಬಿದ್ದಿತ್ತು. ಅದು ನಮಗೆ ಒಳಗೊಳಗೇ ಇಷ್ಟವಾಗಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳಬೇಕು.

ಈ ಚಟ ಹತ್ತಿದ್ದು ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ. ಅಲ್ಲಿ 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚಿದೆ. ಗೊರೂರಿನ ಹತ್ತಿರ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ತಿಯಾದ ಮೇಲೆ ಹಿನ್ನೀರು ಊರನ್ನು ನುಂಗಿತು. ಜನ ಎತ್ತರದ ಜಾಗಗಳಿಗೆ ಹೋದರು, ಚರ್ಚು ಉಳಿಯಿತು. ಮಳೆಗಾಲದಲ್ಲಿ ಅದು ನೀರಿನಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ನೀರು ಇಳಿದಂತೆ ಕಮಾನುಗಳನ್ನು ಒಂದೊಂದಾಗಿ ತೋರಿಸುತ್ತ ಮೇಲೇಳುತ್ತದೆ. ನಾವು ಮೊದಲು ಹೋದದ್ದು 2004ರ ಮೇ ತಿಂಗಳಲ್ಲಿ. ಆಗ ನಮ್ಮದು ರೋಲು ಹಾಕುವ ಕ್ಯಾಮೆರಾ. ಒಂದು ರೋಲಿಗೆ ಮೂವತ್ತಾರೇ ಚಿತ್ರ. ಆದ್ದರಿಂದ ಗುಂಡಿ ಒತ್ತುವ ಮುನ್ನ ಹತ್ತು ಸಲ ನೋಡುತ್ತಿದ್ದೆವು. ಹಾಗೆ ನೋಡುತ್ತಿರುವಾಗ ಚರ್ಚಿನ ನೆರಳಲ್ಲಿ ಮುದುಕರೊಬ್ಬರು ಮೇಕೆಗಳನ್ನು ಬಿಟ್ಟುಕೊಂಡು ಕೂತಿದ್ದುದು ಕಂಡಿತು. ನಮಗೆ ಬೇಕಾದದ್ದು ನಿರ್ಜನವಾದ ಚರ್ಚು. "ಯಜಮಾನ್ರೇ, ಸ್ವಲ್ಪ ಆಚೆ ಹೋಗ್ತೀರಾ?" ಎಂದು ಕೂಗಿದೆವು. ಅವರು ಏನೂ ಅನ್ನದೆ ಎದ್ದು ಮೇಕೆಗಳನ್ನು ಹೊಡೆದುಕೊಂಡು ಗೋಡೆಯ ಹಿಂದಕ್ಕೆ ಹೋದರು. ಒಂದು ಮೇಕೆ ಮಾತ್ರ ಹಟ ಮಾಡಿತು. ಅದು ಹೋಗುವವರೆಗೂ ಕಾದೆವು.

ಎಲ್ಲ ಮುಗಿದ ಮೇಲೆ ಬೀಡಿ ಹಚ್ಚಿಕೊಂಡು ಅವರೇ ಹತ್ತಿರ ಬಂದರು. "ಆಯ್ತಾ ಸಾರ್ ತೆಗ್ದಿದ್ದು?" ಎಂದರು. ಆಮೇಲೆ ಗೋಡೆಯ ಕಡೆ ಬೆರಳು ತೋರಿಸಿ, "ನನ್ ಮದ್ವೆ ಆಗಿದ್ದು ಅಲ್ಲೇಯ. ನಾನು ನಿಂತಿದ್ದು ಆ ಕಂಬದ್ ತಾವ" ಎಂದರು. ನಾವು ಅವರನ್ನು ಆಚೆ ಕಳಿಸಿದ್ದು ಅದೇ ಕಂಬದ ಬಳಿಯಿಂದ. ಕ್ಯಾಮೆರಾದಲ್ಲಿ ಇನ್ನೂ ಮೂರು ಚಿತ್ರ ಉಳಿದಿದ್ದವು. ಆದರೂ ಅವರದೊಂದು ಫೋಟೋ ತೆಗೆಯಬೇಕೆಂದು ನಮಗೆ ಹೊಳೆಯಲಿಲ್ಲ. ಸಂಜೆಯ ಬೆಳಕಿಗೆಂದು ಅವನ್ನು ಕಾಯ್ದಿಟ್ಟುಕೊಂಡಿದ್ದೆವು.

ನಿರ್ಜನ ಜಾಗದ ಫೋಟೋ ತೆಗೆಯುವುದು ಹೇಗೆಂದು ಕೇಳಿದರೆ ನಾವು ಪಾಠವನ್ನೇ ಮಾಡಬಲ್ಲೆವು. ಸೂರ್ಯ ಹುಟ್ಟುವ ಮುಂಚೆ ಹೋಗಬೇಕು, ಇಲ್ಲವೇ ಮಟಮಟ ಮಧ್ಯಾಹ್ನ ಜನ ಮನೆ ಸೇರಿದಾಗ. ಕರೆಂಟಿನ ತಂತಿ ಬರದಂತೆ ಕೆಳಗೆ ಕುಕ್ಕರಗಾಲಲ್ಲಿ ಕೂರಬೇಕು. ಒಣಗಲು ಹಾಕಿದ ಬಟ್ಟೆ, ಪ್ಲಾಸ್ಟಿಕ್ ಕೊಡ, ಬೈಕು ಇದ್ದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಅವನ್ನು ಗೋಡೆಯ ಮರೆಗೆ ತರಬೇಕು. ಮೋಡವಿದ್ದರೆ ಒಳ್ಳೆಯದು. ಕಾಗೆ ಬಂದು ಕೂತರೆ ಇನ್ನೂ ಒಳ್ಳೆಯದು. ಇಷ್ಟು ಮಾಡಿದರೆ ಸಂತೆ ನಡೆಯುವ ಊರನ್ನೂ ಸ್ಮಶಾನದಂತೆ ತೋರಿಸಬಹುದು. ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ಎಲ್ಲಿ ಕೂತು ನೋಡಬೇಕೆಂದು ಅದಕ್ಕೆ ಹೇಳಿಕೊಡುವವರು ನಾವೇ ಅಲ್ಲವೆ?

ಒಂದು ವರ್ಷ ವಿಜಯಪುರಕ್ಕೆ ಹೋಗಿದ್ದೆವು. ಗೋಳಗುಮ್ಮಟ, ಇಬ್ರಾಹೀಂ ರೋಜಾ ಎಲ್ಲರೂ ನೋಡುವಂಥವು. ನಾವು ಹುಡುಕಿಕೊಂಡು ಹೋದದ್ದು ಊರ ಹೊರಗಿನ ಸಾಠ್ ಕಬರನ್ನು. ಆದಿಲಶಾಹಿ ಸರದಾರ ಅಫಜಲಖಾನ 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟಾಗ, ನೀನು ತಿರುಗಿ ಬರುವುದಿಲ್ಲವೆಂದು ಜೋಯಿಸರು ಹೇಳಿದರಂತೆ. ತನ್ನ ಹೆಂಡಿರು ಬೇರೆಯವರ ಪಾಲಾಗಬಾರದೆಂದು ಅವರನ್ನೆಲ್ಲ ಬಾವಿಗೆ ತಳ್ಳಿಸಿದನಂತೆ. ಇದು ಜನ ಹೇಳುವ ಕತೆ. ಕಣ್ಣಿಗೆ ಕಾಣುವುದು ಇಷ್ಟು: ಒಂದು ಕಟ್ಟೆಯ ಮೇಲೆ ಸಾಲುಸಾಲಾಗಿ ಒಂದೇ ಅಳತೆಯ ಕರಿಕಲ್ಲಿನ ಗೋರಿಗಳು, ಅರವತ್ತಕ್ಕೂ ಮಿಕ್ಕಿ. ಎಲ್ಲವುಗಳ ಮೇಲ್ಭಾಗ ಚಪ್ಪಟೆ, ಅಂದರೆ ಹೆಂಗಸರ ಗೋರಿಗಳು. ಖಾನನ ಗೋರಿ ಇಲ್ಲಿಲ್ಲ. ತನಗಾಗಿ ಕಟ್ಟಿಸಿಕೊಳ್ಳುತ್ತಿದ್ದ ಗೋರಿ ವಿಜಯಪುರದ ಹತ್ತಿರವೇ ಇದ್ದರೂ ಅವನು ಮಣ್ಣಾದದ್ದು ದೂರದ ಪ್ರತಾಪಗಡದ ಬುಡದಲ್ಲಿ.

ಅಂದು ನಮಗಿಂತ ಮೊದಲೇ ನಾಲ್ಕು ಜನ ಹುಡುಗರು ಬಂದಿದ್ದರು. ಒಬ್ಬ ಗೋರಿಯ ಮೇಲೆ ಮಲಗಿ ಕೈ ಎದೆಯ ಮೇಲಿಟ್ಟುಕೊಂಡಿದ್ದ, ಇನ್ನೊಬ್ಬ ಮೊಬೈಲಿನಲ್ಲಿ ಹಿಡಿಯುತ್ತಿದ್ದ. ನಮಗೆ ಸಿಟ್ಟು ಬಂತು. ಬೈಯಬೇಕೆನ್ನುವಷ್ಟರಲ್ಲಿ ಪಕ್ಕದ ಹೊಲದಿಂದ ರೈತರೊಬ್ಬರು ಬಂದರು. ಹುಡುಗರಿಗಿಂತ ಮೊದಲು ಅವರ ಕಣ್ಣಿಗೆ ಬಿದ್ದದ್ದು ನಮ್ಮ ಕಾಲು. "ಚಪ್ಪಲಿ ಕಳೀರಿ ಸರ. ಹೆಣ್ಮಕ್ಕಳು ಮಲಗ್ಯಾರ ಇಲ್ಲಿ" ಎಂದರು. ಮಾತು ಮೆತ್ತಗಿತ್ತು, ನಮಗೆ ಮಾತ್ರ ಕೆನ್ನೆಗೆ ಬಾರಿಸಿದಂತಾಯಿತು. ಖಬರಸ್ತಾನದ ಅದಬ್ ಬಾಲ್ಯದಿಂದ ಕಲಿತವರು ನಾವು. ಅದನ್ನು ಹಣೆಗೆ ವಿಭೂತಿ ಹಚ್ಚಿದ ಆ ಹಿರಿಯರು ನೆನಪಿಸಬೇಕಾಯಿತು. ಫಾತಿಹಾ ಓದಿದೆವು. ಆ ಹೆಂಗಸರ ಹೆಸರು ಯಾರಿಗೂ ಗೊತ್ತಿಲ್ಲ, ಯಾವ ಕಲ್ಲಿನ ಕೆಳಗೆ ಯಾರೆಂದೂ ಗೊತ್ತಿಲ್ಲ. ಅವರನ್ನು ಕೊಂದವನೆನ್ನುವವನ ಹೆಸರು ಮಾತ್ರ ಎಲ್ಲರ ಬಾಯಲ್ಲಿ. ಓದಿದ ಮೇಲೆ ಫೋಟೋ ತೆಗೆಯದೆ ಬಂದೆವೇ? ಇಲ್ಲ, ತೆಗೆದೆವು. ಚಪ್ಪಲಿ ಬಿಟ್ಟು ತೆಗೆದೆವು, ಅಷ್ಟೇ.

ಧನುಷ್ಕೋಡಿಯದನ್ನು ಬೇಗ ಹೇಳಿ ಮುಗಿಸುತ್ತೇವೆ, ಏಕೆಂದರೆ ಅಲ್ಲಿಗೆ ಈಗ ಎಲ್ಲರೂ ಹೋಗುತ್ತಾರೆ. 1964ರ ಡಿಸೆಂಬರ್ 22ರ ರಾತ್ರಿಯ ಚಂಡಮಾರುತಕ್ಕೆ ಊರೂ ಹೋಯಿತು, ಪಾಂಬನ್‌ನಿಂದ ಬರುತ್ತಿದ್ದ ಪ್ಯಾಸೆಂಜರ್ ರೈಲೂ ಹೋಯಿತು. ಆಮೇಲೆ ಸರಕಾರ ಆ ಜಾಗವನ್ನು ವಾಸಕ್ಕೆ ಯೋಗ್ಯವಲ್ಲವೆಂದು ಘೋಷಿಸಿತು. ಮುರಿದ ಚರ್ಚಿನ ಮುಂದೆ ಎಲ್ಲರಂತೆ ನಾವೂ ನಿಂತೆವು. ಆ 'ಯಾರೂ ಇಲ್ಲದ ಊರಿನಲ್ಲಿ' ನಮಗೆ ಮೀನು ಹುರಿದು ಕೊಟ್ಟ ಹೆಂಗಸಿನ ಗುಡಿಸಲು ಆ ಗೋಡೆಯಿಂದ ಕೂಗಳತೆಯಲ್ಲಿತ್ತು. ನಮ್ಮ ಪೆಟ್ಟಿಗೆಯಲ್ಲಿ ಗೋಡೆ ಇದೆ, ಗುಡಿಸಲು ಇಲ್ಲ.

ಇನ್ನು ಮುಖ್ಯ ವಿಷಯ. 2018ರ ಮಳೆಗಾಲದಲ್ಲಿ ರಿಯಾದಿನಲ್ಲಿರುವ ನಮ್ಮ ಹುಡುಗನೊಬ್ಬ ಮೊಬೈಲಿಗೆ ಒಂದು ಫೋಟೋ ಕಳಿಸಿದ. ಯಾರೋ ತಿರುಗಾಟದವರು ತೆಗೆದದ್ದು, ಯಾರ್ಯಾರ ಕೈ ದಾಟಿಯೋ ಅವನಿಗೆ ಬಂದಿತ್ತು. ಮಲೆನಾಡಿನ ಹಂಚಿನ ಮನೆ, ಅರ್ಧ ಕುಸಿದ ಮಾಡು, ಪಾಚಿಗಟ್ಟಿದ ಮೆಟ್ಟಿಲು, ತೆರೆದ ಬಾಗಿಲಿನೊಳಗೆ ಕತ್ತಲೆ. ಕೆಳಗೆ 'ದೆವ್ವದ ಮನೆ' ಎಂದು ಬರೆದಿತ್ತು. ಫೋಟೋ ಚೆನ್ನಾಗಿತ್ತು. ಬೆಳಕು ಸರಿಯಾಗಿ ಬಿದ್ದಿತ್ತು. ಅದನ್ನು ಮೆಚ್ಚಿಕೊಳ್ಳುತ್ತಿರುವಾಗಲೇ ಗೊತ್ತಾಯಿತು, ಅದು ನಮ್ಮಲ್ಲೊಬ್ಬರ ತವರುಮನೆ. ಇಬ್ಬರಲ್ಲಿ ಯಾರ ತವರೆಂದು ಕೇಳಬೇಡಿ, ತವರು ಎಂಬುದು ಇರುವುದು ಒಬ್ಬರಿಗೇ ತಾನೆ.

ಆ ಮನೆ ಪಾಳುಬಿದ್ದದ್ದು ದೆವ್ವದಿಂದಲ್ಲ. ಅಬ್ಬಾ ತೀರಿಕೊಂಡರು, ಅಣ್ಣಂದಿರು ಒಬ್ಬರು ಬೆಂಗಳೂರು, ಒಬ್ಬರು ಸೌದಿ ಎಂದು ಹೋದರು, ಅಮ್ಮಿ ಕೊನೆಯವರೆಗೂ ಒಬ್ಬರೇ ಇದ್ದರು. ಅಮ್ಮಿ ಹೋದ ಮೇಲೆ ಪಾಲಿನ ವಿಷಯದಲ್ಲಿ ಮಾತು ಬಂತು. ಮಾತು ಕೋರ್ಟಿಗೆ ಹೋಯಿತು. ಯಾರೂ ಹಂಚು ಸರಿಮಾಡಿಸಲಿಲ್ಲ, ಮಾಡಿಸಿದರೆ ಹಕ್ಕು ಸಾಧಿಸಿದಂತಾಗುತ್ತದೆ ಎಂದು ಒಬ್ಬರು, ಮಾಡಿಸಿದ ದುಡ್ಡು ಹೋಗುತ್ತದೆ ಎಂದು ಇನ್ನೊಬ್ಬರು. ನಾವೂ ಮಾಡಿಸಲಿಲ್ಲ. ಇನ್ನೊಂದು ಫೋಟೋ ಒಳಗಿನದು. ತೆಗೆದವರು ಹಿತ್ತಲ ಕಡೆಯಿಂದ ಒಳಗೆ ಹೋಗಿರಬೇಕು. ಅದರಲ್ಲಿ ಗೋಡೆಯ ಗೂಡು ಕಾಣುತ್ತಿತ್ತು. ಅಮ್ಮಿ ಕುರ್‌ಆನ್ ಇಡುತ್ತಿದ್ದ ಗೂಡು. ಅದರ ಪಕ್ಕದ ಬಾಗಿಲ ಚೌಕಟ್ಟಿನ ಮೇಲೆ ಚಾಕುವಿನಲ್ಲಿ ಗೀರಿದ ಗೆರೆಗಳು, ಮಕ್ಕಳು ವರ್ಷಕ್ಕೆಷ್ಟು ಎತ್ತರವಾದರೆಂದು ಈದ್‌ನ ದಿನ ಅಳೆದ ಗುರುತು. ನೋಡಿದವರೊಬ್ಬರು ಅದರ ಕೆಳಗೆ, ಆ ಗೀರುಗಳು ಮಾಟದ ಗುರುತಿರಬಹುದು ಎಂದು ಬರೆದಿದ್ದರು.

ಆ ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಮೊದಲು ಆ ಫೋಟೋದವರನ್ನು ಹುಡುಕಿ ಜಗಳವಾಡಬೇಕೆನಿಸಿತು. ರಾತ್ರಿ ಅಟ್ಟದಿಂದ ಪೆಟ್ಟಿಗೆ ಇಳಿಸಿ ನೋಡುತ್ತ ಕೂತೆವು. ಎಷ್ಟು ಗೂಡುಗಳು, ಎಷ್ಟು ಬಾಗಿಲುಗಳು! ನಾವು ಯಾರನ್ನು ಕೇಳಿ ಒಳಗೆ ಹೋಗಿದ್ದೆವು? ಜಗಳದ ಆಲೋಚನೆ ಅಲ್ಲಿಗೇ ಬಿಟ್ಟೆವು.

ಅದಾದ ಮೇಲೆ ಒಂದೂವರೆ ವರ್ಷ ಎಲ್ಲೂ ಹೋಗಲಿಲ್ಲ. 2019ರ ಡಿಸೆಂಬರಿನಲ್ಲಿ ಮಕ್ಕಳ ಒತ್ತಾಯಕ್ಕೆ ಕೋಲಾರದ ಚಿನ್ನದ ಗಣಿಗೆ ಹೊರಟೆವು. ಸಿನಿಮಾ ಬಂದ ಮೇಲೆ ಎಲ್ಲರ ಬಾಯಲ್ಲೂ ಕೆ.ಜಿ.ಎಫ್. ಬೆಂಗಳೂರಿನಿಂದ ಬೆಳಗಿನ ರೈಲಿನಲ್ಲಿ ಮಾರಿಕುಪ್ಪಂಗೆ ಹೊರಟರೆ ನಮ್ಮ ಡಬ್ಬಿ ಬಹುಪಾಲು ಖಾಲಿ. ನಿರ್ಜನ ಊರಿಗೆ ಖಾಲಿ ರೈಲು, ಸರಿಯಾಗಿಯೇ ಇದೆ ಎಂದುಕೊಂಡೆವು. ಎದುರಿನಿಂದ ಬಂದ ರೈಲು ನೋಡಿದ ಮೇಲೆ ಗೊತ್ತಾಯಿತು. ಬಾಗಿಲಲ್ಲಿ ಜೋತುಬಿದ್ದವರು, ತಿಂಡಿಯ ಡಬ್ಬಿ ಹಿಡಿದ ಹೆಂಗಸರು. ಆ ಊರಿನ ಜನ ಅದರಲ್ಲಿದ್ದರು. ಗಣಿ ಮುಚ್ಚಿದ ಮೇಲೆ ಸಾವಿರಾರು ಜನ ಹೀಗೆ ದಿನಾ ಕತ್ತಲಲ್ಲಿ ಎದ್ದು ಬೆಂಗಳೂರಿಗೆ ದುಡಿಯಲು ಹೋಗಿ ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಫೋಟೋ ತೆಗೆಯುವವರು ಬರುವುದು ಹಗಲಿನಲ್ಲಿ.

1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಗಣಿಯದು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂದಾಗ ಬೆಂಗಳೂರಿನ ಬೀದಿಗಳಲ್ಲೇ ವಿದ್ಯುದ್ದೀಪ ಇರಲಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ತಮಿಳು ಸೀಮೆಯಿಂದ ಬಂದ ದಲಿತ ಕೂಲಿಗಳು ಆ ಕಾವಿನಲ್ಲಿ ತಲೆಮಾರುಗಟ್ಟಲೆ ಬೆಂದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಉಳಿದದ್ದು ತುಕ್ಕುಹಿಡಿದ ಕಬ್ಬಿಣದ ಗೋಪುರಗಳು ಮತ್ತು ಚಿನ್ನ ತೆಗೆದು ಬಿಸಾಡಿದ ಪುಡಿಯ ಬೆಟ್ಟಗಳು. ಅವನ್ನು ಸೈನೈಡ್ ದಿಬ್ಬ ಎನ್ನುತ್ತಾರೆ. ಗಾಳಿ ಬೀಸಿದರೆ ಆ ಧೂಳು ನೇರವಾಗಿ ಮನೆಗಳ ಒಳಗೆ ಬರುತ್ತದೆ. ಮನೆಗಳೆಂದರೆ ಕೂಲಿಕಾರರಿಗೆಂದು ಕಟ್ಟಿದ ಸಾಲುಮನೆಗಳು, ಲೈನುಗಳು. ನಾಲ್ಕು ಹೆಜ್ಜೆಗೆ ಮುಗಿಯುವಷ್ಟು ಒಳಗಡೆ.

ಹಳೇ ಚಟ ಎಲ್ಲಿ ಹೋಗುತ್ತದೆ? ಒಂದು ಲೈನಿನ ಕೊನೆಯಲ್ಲಿ ಬೀಗ ಹಾಕಿದ ಮನೆ, ಅದರ ಹಿಂದೆ ಗೋಪುರ, ಮೇಲೆ ಬೂದಿ ಬಣ್ಣದ ಮೋಡ. ನಾವಾಗಲೇ ಕುಕ್ಕರಗಾಲಲ್ಲಿ ಕೂತಿದ್ದೆವು. ಪಕ್ಕದ ಮನೆಯಿಂದ ಹೆಂಗಸೊಬ್ಬರು ಹೊರಗೆ ಬಂದರು.

"ಏನ್ ಸಾರ್, ಮನೆ ಅಳತೆ ಮಾಡೋಕೆ ಬಂದಿದ್ದೀರಾ?"

ಅಲ್ಲ, ಸುಮ್ಮನೆ ಫೋಟೋ ತೆಗೆಯುತ್ತಿದ್ದೇವೆ ಎಂದೆವು.

"ಸುಮ್ನೆ ಯಾರ್ ಬರ್ತಾರೆ ಇಲ್ಲಿಗೆ? ಮೊನ್ನೆ ಹುಡುಗರು ಬಂದಿದ್ರು. ಇದು ಯಾರೂ ಇಲ್ದೇ ಇರೋ ಊರು ಅಂತ ಫೋನಲ್ಲಿ ಹಾಕಿದಾರೆ. ನನ್ ಮಗ ತೋರಿಸ್ದ. ನಮ್ ಲೈನೇ ಅದು!" ನಗುತ್ತಲೇ ಹೇಳಿದರು. ಆಮೇಲೆ ನಗು ನಿಲ್ಲಿಸಿ ನಮ್ಮಲ್ಲಿ ಹೆಂಗಸಿನ ಕಡೆ ತಿರುಗಿ, "ಅಕ್ಕಾ, ನೀವೇ ಹೇಳಿ. ಯಾರೂ ಇಲ್ಲ ಅಂತ ಎಲ್ರೂ ಅಂದ್ರೆ ನೀರಿನ ಟ್ಯಾಂಕರ್ ಯಾರ್ ಕಳಿಸ್ತಾರೆ?" ಎಂದರು.

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಕ್ಯಾಮೆರಾ ಚೀಲಕ್ಕೆ ಹಾಕಿದೆವು. ಅವರು ಒಳಗೆ ಕರೆದು ಟೀ ಕೊಟ್ಟರು. ಗಂಡ ಗಣಿಯ ಒಳಗೆ ಹದಿನೆಂಟು ವರ್ಷ ಇಳಿದವರು, ಎದೆ ಹಿಡಿದು ಹೋದರಂತೆ. ಮಗ ಬೆಂಗಳೂರಿನಲ್ಲಿ ಯಾವುದೋ ಕಟ್ಟಡದ ಕಾವಲುಗಾರ, ಬೆಳಗಿನ ರೈಲಿನಲ್ಲಿ ಹೋಗಿದ್ದ. ಬಹುಶಃ ನಾವು ಕಂಡ ರೈಲೇ. ಹೊರಡುವಾಗ ಅವರೇ ಕೇಳಿದರು, "ನಂದೊಂದು ತೆಗೀತೀರಾ?" ಸೀರೆ ಬದಲಿಸಿ, ತಲೆ ಬಾಚಿ, ಬಾಗಿಲಲ್ಲಿ ನಿಂತರು. ನೀರಿನ ಕೊಡಗಳನ್ನು ಪಕ್ಕಕ್ಕೆ ಸರಿಸಲೇ ಎಂದು ಕೇಳಿದರು. ಇರಲಿ ಎಂದೆವು. ಆದರೆ ಹಿಂದೆ ಆ ದಿಬ್ಬ ಬರಬಾರದು ಎಂದು ಅವರೇ ಕಟ್ಟಪ್ಪಣೆ ಮಾಡಿದರು. ದಿಬ್ಬವೇ ಇಲ್ಲದ ಕೆ.ಜಿ.ಎಫ್. ಫೋಟೋಗೆ ನಾವು ಹಿಂದೆ ಮುಂದೆ ಓಡಾಡಿ ಜಾಗ ಹುಡುಕಬೇಕಾಯಿತು. ಕೊನೆಗೆ ಬಂದ ಚಿತ್ರದಲ್ಲಿ ಕರೆಂಟಿನ ತಂತಿ ಇದೆ, ನೀಲಿ ಕೊಡಗಳಿವೆ, ಪಕ್ಕದ ಮನೆಯ ಮಗು ಅರ್ಧ ಬಂದಿದೆ. ಬೆಳಕೂ ಸರಿಯಿಲ್ಲ.

ದೊಡ್ಡದು ಮಾಡಿಸಿ ಅಂಚೆಯಲ್ಲಿ ಕಳಿಸಿದೆವು. ಎರಡು ವಾರದ ಮೇಲೆ ಫೋನು ಬಂತು. "ಬಂತು ಅಕ್ಕಾ. ಎಲ್ಲಾ ಚೆನ್ನಾಗಿದೆ. ನಾನು ಕಣ್ ಮುಚ್ಚಿದೀನಿ ಅಂತ ಮಗ ನಗ್ತಾನೆ. ಇನ್ನೊಂದ್ ಸಲ ಬನ್ನಿ. ಭಾನುವಾರ ಬಂದ್ರೆ ಅವನೂ ಇರ್ತಾನೆ."

ಆಮೇಲೆ ಕೊರೋನಾ ಬಂತು, ಆಗ ಹೋಗಲಾಗಲಿಲ್ಲ. ಮಲೆನಾಡಿನ ಮನೆಗೆ ಮಾತ್ರ ಕಳೆದ ಬೇಸಿಗೆಯಲ್ಲಿ ಹೋಗಿದ್ದೆವು, ಹಂಚು ಹೊದಿಸುವವರನ್ನು ಕರೆದುಕೊಂಡು. ದುಡ್ಡು ಯಾರು ಕೊಡಬೇಕೆಂದು ಅಣ್ಣಂದಿರು ಇನ್ನೂ ಮಾತಾಡುತ್ತಿದ್ದಾರೆ.