ಹತ್ತಡಿ ಕೋಣೆಯೊಳಗೊಂದು ಘಾಟಿ

ಕೋಣೆ ಹತ್ತಡಿಗೆ ಒಂಬತ್ತಡಿ. ಕೇಳೋಕೆ ಪರವಾಗಿಲ್ಲ ಅನ್ಸುತ್ತೆ. ಆದ್ರೆ ಬಾಗಿಲು ಒಳಕ್ಕೆ ತೆರೆದುಕೊಳ್ಳುತ್ತೆ, ಒಂದು ಮೂಲೇಲಿ ಅಜ್ಜಿ ಕಾಲದ ಬೀರು, ಕಿಟಕಿ ಕೆಳಗೆ ಅಪ್ಪನ ಮಂಚ. ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ. ಉಳಿದ ಜಾಗದಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ಕೂರಿಸಬೇಕು. ನಿಜವಾದದ್ದು 55 ಕಿ.ಮೀ., 57 ಸುರಂಗ. ಎಚ್ಒ ಅಳತೆಗೆ (1:87) ಇಳಿಸಿದ್ರೂ 630 ಮೀಟರ್ ಮೇಲಾಗುತ್ತೆ :)

ಅಪ್ಪ ಆ ಘಾಟಿಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ರು. 1996ರಲ್ಲಿ ಗೇಜ್ ಬದಲಾವಣೆಗೆ ಲೈನ್ ಮುಚ್ಚಿದಾಗ ಬೇರೆ ಕಡೆ ಹಾಕಿದ್ರು. 2006ರಲ್ಲಿ ಗೂಡ್ಸು, 2007ರಲ್ಲಿ ಪ್ಯಾಸೆಂಜರ್ ಶುರುವಾಯ್ತು, ಅಪ್ಪನೂ ವಾಪಸ್ ಹೋದ್ರು. ಹೋದ ವರ್ಷ ಸ್ಟ್ರೋಕ್ ಆಯ್ತು. ಎಡಗೈ ಏಳಲ್ಲ, ಮಾತು ನಿಧಾನ, ವಾಕರ್ ಹಿಡಿದು ನಾಲ್ಕು ಹೆಜ್ಜೆ. ದಿನಾ ಗೋಡೆ ನೋಡ್ತಾ ಕೂರೋದನ್ನ ನನಗೆ ನೋಡೋಕಾಗ್ಲಿಲ್ಲ.

ಮೊದಲು ಹಾಕಿದ ಪ್ಲಾನು ಕೋಣೆ ಸುತ್ತ ಒಂದು ಲೂಪು, ಬಾಗಿಲ ಹತ್ತಿರ ಎತ್ತಿಡಬಹುದಾದ ಸೇತುವೆ. ಕಂಪ್ಯೂಟರಲ್ಲಿ ತೋರಿಸಿದೆ. ಅಪ್ಪ ಬಹಳ ಹೊತ್ತು ನೋಡಿ, "ಸುತ್ತು ಹೊಡೆಯೋಕೆ ಇದೇನು ಜಾತ್ರೆ ರೈಲೇನೋ?" ಅಂದ್ರು. ಅಲ್ಲಿಗೆ ಲೂಪು ಹೋಯ್ತು. ಒಳ್ಳೇದೇ ಆಯ್ತು ಬಿಡಿ, ವಾಕರ್‌ಗೆ ದಾರಿಯೂ ಉಳೀತು.

ಈಗಿರೋದು ಎರಡು ಗೋಡೆಗೆ ಒರಗಿ ನಿಲ್ಲೋ 'ಎಲ್' ಆಕಾರ. ಒಂಬತ್ತಡಿ ಗೋಡೆಗೆ ಎಡಕುಮೇರಿ ಸ್ಟೇಷನ್, ಹತ್ತಡಿ ಗೋಡೆಗೆ ಇಳಿಜಾರು. ನಮ್ಮ ಹಳೇ ಐಸಿಎಫ್ ಬೋಗಿ ಸುಮಾರು 21 ಮೀಟರ್. ಎಚ್ಒನಲ್ಲಿ ಒಂದಕ್ಕೇ 24 ಸೆಂ.ಮೀ. ಬೇಕು. ಐದು ಬೋಗಿ, ಒಂದು ಎಂಜಿನ್, ಎರಡು ತುದಿಗೆ ಪಾಯಿಂಟು ಅಂದ್ರೆ ಗೋಡೆ ಮುಗೀತು. ಅದಕ್ಕೇ ಎನ್ ಅಳತೆ (1:160): ಬೋಗಿ 13 ಸೆಂ.ಮೀ., ಸ್ಟೇಷನ್ ನಾಲ್ಕಡಿಯಲ್ಲಿ ಕೂತ್ಕೊಳ್ಳುತ್ತೆ. ಹಳಿ ಅಗಲ 9 ಮಿ.ಮೀ., ನಮ್ಮ ಬ್ರಾಡ್‌ಗೇಜ್ ಲೆಕ್ಕಕ್ಕೆ ಕಮ್ಮಿ. ಇರಲಿ. ಬೋಗಿಗಳನ್ನ ಕಾರ್ಡ್‌ಬೋರ್ಡಿನಲ್ಲಿ ನಾನೇ ಮಾಡ್ತೀನಿ.

ಏರು ಇನ್ನೊಂದು ತಲೆನೋವು. ನಿಜವಾದ ಘಾಟಿಯದ್ದು 50ಕ್ಕೆ 1. ಮೂಲೆಯ ತಿರುವು ಕಳೆದು ಉಳಿಯೋ ಎಂಟಡಿಗೆ ಬರೀ ಐದು ಸೆಂ.ಮೀ. ಏರು! ಅದನ್ನ ಘಾಟಿ ಅಂತ ಯಾರು ನಂಬ್ತಾರೆ? ಹಳಿಯನ್ನ ಎತ್ತೋ ಬದಲು ನೆಲಾನೇ ಇಳಿಸೋದು ಅಂತ ಮಾಡಿದೀನಿ. ಚೌಕಟ್ಟನ್ನ ಒಂದಡಿ ಕೆಳಗಿಟ್ರೆ ಸೇತುವೆ ಕೆಳಗೆ ಕಣಿವೆ ತಾನಾಗೇ ಆಗುತ್ತೆ.

ಹಳಿಯ ಎತ್ತರ ನೆಲದಿಂದ 90 ಸೆಂ.ಮೀ. ಕುರ್ಚಿಯಲ್ಲಿ ಕೂತ ಅಪ್ಪನ ಕಣ್ಣು 112ಕ್ಕೆ ಬರುತ್ತೆ, ಟೇಪ್ ಹಿಡಿದು ಅಳೆದೆ. ಪಾಯಿಂಟಿನ ಸ್ವಿಚ್ಚುಗಳೆಲ್ಲ ಅವರ ಬಲಗೈಗೆ.

ಎಲ್ಲಾ ಮುಗೀತು ಅನ್ನೋಷ್ಟರಲ್ಲಿ ಅಪ್ಪ ಕೇಳಿದ್ರು, "ಕ್ಯಾಚ್ ಸೈಡಿಂಗ್ ಎಲ್ಲೋ?" ಮೇಲಿನಿಂದ ಬ್ರೇಕ್ ತಪ್ಪಿ ಬರೋ ಗಾಡಿ ಸ್ಟೇಷನ್ನಿಗೆ ನುಗ್ಗದ ಹಾಗೆ ಪಕ್ಕದ ಏರಿಗೆ ಹತ್ತಿಸಿ ನಿಲ್ಲಿಸೋ ಹಳಿ ಅದು. ಆಟಿಕೆ ರೈಲಿಗೆ ಯಾಕಪ್ಪಾ ಅಂದೆ. ಅವರು ಉತ್ತರ ಕೊಡಲಿಲ್ಲ, ಬಲಗೈ ಬೆರಳಲ್ಲಿ ಪ್ಲಾನಿನ ಮೇಲೆ ಗೆರೆ ಎಳೆದ್ರು. ಆ ಗೆರೆ ನೇರ ಬೀರುವಿನೊಳಗೆ ಹೋಗುತ್ತೆ.

ಬೀರು ಹಾಲಿಗೆ ಬರೋಕೆ ಮನೆಯಾಕೆ ಇನ್ನೂ ಒಪ್ಪಿಲ್ಲ. ಪ್ಲೈವುಡ್ ಮಾತ್ರ ಶನಿವಾರ ಬರ್ತಿದೆ.