ಕಿರುಬೆರಳಿನ ಸಾಕ್ಷಿ

ಎರಡು ವರ್ಷದ ಹಿಂದೆ ಒಂದು ರಾತ್ರಿ 2 ಗಂಟೆಗೆ ನನಗೆ ಎಚ್ಚರವಾಯಿತು. ಬಲಗೈ ನನ್ನದಲ್ಲವೇನೋ ಅನ್ನುವ ಹಾಗೆ ಜೋಮು ಹಿಡಿದಿತ್ತು. ಬೆರಳುಗಳಲ್ಲಿ ಇರುವೆ ಹರಿದಂತೆ ಜುಮುಜುಮು, ಮಣಿಕಟ್ಟಿನಿಂದ ಮೊಣಕೈವರೆಗೆ ನೋವು. ಎದ್ದು ಕೂತು ಕೈ ಕೊಡವಿದೆ. ಕತ್ತಲಲ್ಲೇ ನನ್ನ ಹೆಂಡತಿಯ ದನಿ ಕೇಳಿಸಿತು: "ಈಗ ಗೊತ್ತಾತೇನ್ರೀ?"

ಆ ಮಾತು ನಾಟಿತು. ಐದಾರು ವರ್ಷದಿಂದ ಆಕೆ ಹೀಗೇ ರಾತ್ರಿ ಎದ್ದು ಕೈ ಕೊಡವುತ್ತಿದ್ದಳು. ನಾನು ಮಗ್ಗುಲು ಬದಲಿಸಿ, "ದಿನಾ ರೊಟ್ಟಿ ತಟ್ಟೋ ಕೈ, ನೋಯದೆ ಇರ್ತದೇನು? ಮಲಕೋ" ಅಂದು ನಿದ್ದೆ ಹೋಗುತ್ತಿದ್ದೆ.

ಮಕ್ಕಳೇ, ನಾನು ಡಾಕ್ಟರಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿ ದುಡಿದವನು. ಲೆಡ್ಜರ್ ಬರೆದದ್ದು, ನೋಟು ಎಣಿಸಿದ್ದು, ಕಡೆಗೆ ಕಂಪ್ಯೂಟರಿನ ಕೀಲಿ ಒತ್ತಿದ್ದು ಎಲ್ಲಾ ಇದೇ ಕೈ. ನಿವೃತ್ತನಾಗಿ ನಮ್ಮೂರು ಬಂಡ್ರಿಗೆ ಬಂದ ಮೇಲೆ, ಮೈಯಲ್ಲಿ ಯಾವ ನೋವು ಕಂಡರೂ ಅದನ್ನು "ಮುಪ್ಪು" ಎಂಬ ಒಂದೇ ಖಾತೆಗೆ ಬರೆದು ಲೆಕ್ಕ ಮುಗಿಸುವ ಚಾಳಿ ನನಗೆ ಅಂಟಿಕೊಂಡಿತ್ತು. ಕೈ ನೋವಿಗೂ ಹಾಗೇ ಮಾಡಿದೆ. ಎಣ್ಣೆ ಹಚ್ಚಿಸಿ ನೀವಿಸಿಕೊಂಡೆ. ಔಷಧ ಅಂಗಡಿಯಲ್ಲಿ "ನರದ ಮಾತ್ರೆ" ಕೇಳಿ ತಂದು 3 ತಿಂಗಳು ನುಂಗಿದೆ. ರಾತ್ರಿಯ ಜೋಮು ಮಾತ್ರ ಬಿಡಲಿಲ್ಲ.

ದಸರಾ ರಜೆಗೆ ಎಂಟನೇ ತರಗತಿಯ ಮೊಮ್ಮಗಳು ಬಂದಳು. "ತಾತಾ, ಎಲ್ಲಾ ಬೆರಳಿಗೂ ಜೋಮು ಬರ್ತದಾ?" ಎಂದು ಕೇಳಿದಳು. ಹೌದು, ಎಲ್ಲಾ ಬೆರಳಿಗೂ ಅಂದೆ. ಆಕೆ ಒಪ್ಪಲಿಲ್ಲ. ನನ್ನ ಕೈಯನ್ನು ಹಾಳೆಯ ಮೇಲೆ ಇಡಿಸಿ ಸುತ್ತಲೂ ಪೆನ್ಸಿಲ್ಲಿನ ಗೆರೆ ಎಳೆದಳು. "ರಾತ್ರಿ ಎದ್ದಾಗ ಜೋಮು ಎಲ್ಲೆಲ್ಲಿ ಇರ್ತದೋ ಅಲ್ಲಿ ಮಾತ್ರ ಕೆಂಪು ಬಳಿ" ಅಂದಳು. ಅಜ್ಜಿಗೂ ಒಂದು ಹಾಳೆ ಕೊಟ್ಟಳು. ಬೆಳಿಗ್ಗೆ ನೋಡಿದರೆ ಎರಡೂ ಹಾಳೆಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಕೆಂಪು. ಉಂಗುರ ಬೆರಳು ಅರ್ಧ ಕೆಂಪು. ಕಿರುಬೆರಳು ಮಾತ್ರ ಬೆಳ್ಳಗೇ ಇತ್ತು.

ಆ ಹಾಳೆಗಳನ್ನು ಹಿಡಿದು ಇಬ್ಬರೂ ಬಳ್ಳಾರಿಗೆ ಹೋದೆವು. ಡಾಕ್ಟರು ನೋಡಿ, "ಅರ್ಧ ಕೆಲಸ ನೀವೇ ಮಾಡಿಕೊಂಡು ಬಂದಿದ್ದೀರಿ" ಎಂದರು. ರೋಗದ ಹೆಸರು ಕಾರ್ಪಲ್ ಟನಲ್ ಸಿಂಡ್ರೋಮ್. ಅವರು ತಿಳಿಸಿದ್ದನ್ನು ನಿಮಗೆ ನನ್ನ ಮಾತಿನಲ್ಲಿ ಹೇಳುತ್ತೇನೆ.

ಮಣಿಕಟ್ಟಿನಲ್ಲಿ, ಅಂಗೈ ಕಡೆಗೆ, ಒಂದು ಇಕ್ಕಟ್ಟಾದ ಸುರಂಗವಿದೆ. ನೆಲ, ಗೋಡೆ 8 ಪುಟ್ಟ ಮೂಳೆಗಳದು. ಚಾವಣಿ ಒಂದು ಗಟ್ಟಿ ಪಟ್ಟಿಯದು. ಬೆರಳು ಮಡಿಸುವ 9 ಹಗ್ಗದಂಥ ಎಳೆಗಳು ಅದರೊಳಗೆ ಹಾಯುತ್ತವೆ. ಜೊತೆಗೆ ಒಂದೇ ಒಂದು ಮೆತ್ತನೆಯ ನರ, ಅದರ ಹೆಸರು ಮೀಡಿಯನ್. ಸಂಡೂರು ಬಸ್ಸಿನ ಬಾಗಿಲಲ್ಲಿ 9 ಜನ ಪೈಲ್ವಾನರ ನಡುವೆ ಒಬ್ಬ ಸಣ್ಣ ಹುಡುಗ ಸಿಕ್ಕಿಕೊಂಡ ಹಾಗೆ. ಪೈಲ್ವಾನರು ಸ್ವಲ್ಪ ಊದಿಕೊಂಡರೂ ಹುಡುಗ ಅಪ್ಪಚ್ಚಿಯಾಗುತ್ತಾನೆ. ಮೂರೂವರೆ ಬೆರಳಿನ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುದು ಈ ನರ. ಕಿರುಬೆರಳಿನ ನರ ಬೇರೆ, ಅದು ಈ ಸುರಂಗದ ಹೊರಗೆ ಹೋಗುತ್ತದೆ. ಎರಡು ಹೊಲದ ನಡುವಿನ ಬದುವಿನಂತೆ ಉಂಗುರ ಬೆರಳು ಇಬ್ಬರಿಗೂ ಸೇರಿದ್ದು. ನಿದ್ದೆಯಲ್ಲಿ ನಾವು ಮಣಿಕಟ್ಟು ಮಡಿಸಿಕೊಂಡು ಮಲಗುತ್ತೇವೆ. ಆಗ ಸುರಂಗದಲ್ಲಿ ಒತ್ತಡ ಹೆಚ್ಚುತ್ತದೆ. ರಾತ್ರಿಯೇ ಜೋಮು ಬರುವುದು ಅದಕ್ಕೆ.

ಡಾಕ್ಟರು ನಮ್ಮಿಬ್ಬರಿಂದ ಒಂದು ತಲೆಕೆಳಗಾದ ನಮಸ್ಕಾರ ಮಾಡಿಸಿದರು. ಎರಡೂ ಹಿಂಗೈ ಒಂದಕ್ಕೊಂದು ತಾಗಿಸಿ, ಬೆರಳುಗಳನ್ನು ನೆಲದ ಕಡೆ ಇಳಿಬಿಟ್ಟು, 1 ನಿಮಿಷ ಇರಬೇಕು. ಜಾರ್ಜ್ ಫೇಲನ್ ಎಂಬ ಅಮೆರಿಕದ ಶಸ್ತ್ರವೈದ್ಯರ ಹೆಸರಿನ ಪರೀಕ್ಷೆ ಇದು. ನನಗೆ ಮುಕ್ಕಾಲು ನಿಮಿಷಕ್ಕೆ ಜುಮುಜುಮು ಶುರುವಾಯಿತು. ಆಕೆಗೆ ಹತ್ತೆಣಿಸುವುದರೊಳಗೆ. ಆಮೇಲೆ ಆಕೆಯ ಹೆಬ್ಬೆರಳಿನ ಬುಡ ತೋರಿಸಿದರು. ಅಲ್ಲಿ ಉಬ್ಬಿರಬೇಕಾದ ಮಾಂಸ ಕರಗಿ ತಗ್ಗು ಬಿದ್ದಿತ್ತು. "ಇದು ಬಹಳ ದಿನದ್ದು. ಯಾಕಮ್ಮಾ ಇಷ್ಟು ತಡ ಮಾಡಿದಿರಿ?" ಎಂದರು.

ಆಕೆ ನನ್ನ ಕಡೆ ತಿರುಗಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಳು. "ಆಕಿ ಹೇಳಿದ್ಲು ಸರ್, ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ" ಅಂದೆ.

ಇಬ್ಬರಿಗೂ ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ಅವೆರಡೂ ಈ ನೋವಿಗೆ ಕಾರಣವಾಗಬಲ್ಲವು. ಬಸುರಿಯರಿಗೂ, ಮಣಿಕಟ್ಟಿನ ಮೂಳೆ ಮುರಿದವರಿಗೂ, ಗಣಿಯಲ್ಲಿ ನಡುಗುವ ಯಂತ್ರ ಹಿಡಿಯುವವರಿಗೂ ಇದು ಬರಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಬಿ12 ಕೊರತೆ ಇದ್ದವರಿಗೆ ಆ ಮಾತ್ರೆ ಬೇಕೇ ಬೇಕು, ಆದರೆ ಸುರಂಗದಲ್ಲಿ ಸಿಕ್ಕಿಕೊಂಡ ನರವನ್ನು ಅದು ಬಿಡಿಸುವುದಿಲ್ಲ.

ನನ್ನದು ಹೊಸ ನೋವು. ಮಣಿಕಟ್ಟು ನೆಟ್ಟಗಿರುವಂತೆ ರಾತ್ರಿ ಕಟ್ಟಿಕೊಳ್ಳಲು ಒಂದು ಪಟ್ಟಿ ಕೊಟ್ಟರು. 6 ವಾರದಲ್ಲಿ ನಿದ್ದೆ ಮರಳಿ ಬಂತು. ಕೆಲವರಿಗೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಬೇಕಾಗುತ್ತದಂತೆ. ನನ್ನ ಹೆಂಡತಿಗೆ ಅಷ್ಟಕ್ಕೆ ಮುಗಿಯಲಿಲ್ಲ. ನರದಲ್ಲಿ ಸುದ್ದಿ ಎಷ್ಟು ವೇಗದಲ್ಲಿ ಹೋಗುತ್ತದೆಂದು ಅಳೆದು, ಆಮೇಲೆ ಕೈಗಷ್ಟೇ ಮರಗಟ್ಟುವ ಮದ್ದು ಕೊಟ್ಟು, ಸುರಂಗದ ಚಾವಣಿಯ ಪಟ್ಟಿಯನ್ನು ಕತ್ತರಿಸಿದರು. ಅದೇ ಸಂಜೆ ಮನೆಗೆ ಬಂದೆವು. ಈಗ ಆಕೆ ರಾತ್ರಿ ಎದ್ದು ಕೂರುವುದಿಲ್ಲ. ಆದರೆ ಹೆಬ್ಬೆರಳಿನ ಶಕ್ತಿ ಪೂರ್ತಿ ಮರಳಲಿಲ್ಲ. ಬಿದ್ದ ಸಾಸಿವೆ ಕಾಳು ಎತ್ತಲು, ರವಿಕೆಯ ಹುಕ್ಕು ಹಾಕಿಕೊಳ್ಳಲು ಕಷ್ಟ. ಬೇಗ ಬಂದಿದ್ದರೆ ಇಷ್ಟು ಆಗುತ್ತಿರಲಿಲ್ಲ.

ಜೋಮು ಕಿರುಬೆರಳಿಗೇ ಬಂದರೆ ಬೇರೆ ಕಥೆ. ಬೆಂಚಿಗೆ ಮೊಣಕೈ ತಾಗಿದಾಗ ಕಿರುಬೆರಳಿಗೆ ಝುಮ್ಮೆಂದು ಕರೆಂಟ್ ಹೊಡೆದಂತಾಗುತ್ತದಲ್ಲ, ಆ ನರ ಮೊಣಕೈಯಲ್ಲಿ ಒತ್ತಿರಬಹುದು. ಕುತ್ತಿಗೆ ತಿರುಗಿಸಿದಾಗ ನೋವು ತೋಳಿಗೆ ಇಳಿದರೆ ತೊಂದರೆ ಕುತ್ತಿಗೆಯಲ್ಲಿರಬಹುದು. ಆದರೆ ಒಂದು ಕೈ ಇದ್ದಕ್ಕಿದ್ದಂತೆ ಸೋತು, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಅಥವಾ ಎದೆನೋವಿನ ಜೊತೆ ತೋಳು ಸೆಳೆದರೆ, ಹಾಳೆ ಪೆನ್ಸಿಲ್ ಹುಡುಕಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ.

ಈಗ ನಮ್ಮ ಮನೆಯಲ್ಲಿ ಜೋಳದ ಹಿಟ್ಟು ನಾದುವವನು ನಾನು. ತಟ್ಟುವುದನ್ನೂ ಕಲಿಯುತ್ತಿದ್ದೇನೆ. ನನ್ನ ರೊಟ್ಟಿಗೆ ಮೂಲೆಗಳು ಬರುತ್ತವೆ. ಆಕೆ ಪಕ್ಕದಲ್ಲಿ ಕೂತು, "ಅಂಚು ದಪ್ಪ ಆತು ನೋಡ್ರೀ" ಅನ್ನುತ್ತಾಳೆ. ಈಗ ಆಕೆ ಹೇಳಿದ್ದನ್ನು ಕೇಳುತ್ತೇನೆ.

ಮಕ್ಕಳೇ, ಈ ಭಾನುವಾರ ನಿಮ್ಮ ಅಜ್ಜ ಅಜ್ಜಿಯ ಕೈಯನ್ನು ಹಾಳೆಯ ಮೇಲೆ ಇಡಿಸಿ ಗೆರೆ ಎಳೆಯಿರಿ. ಕೆಂಪು ಪೆನ್ಸಿಲ್ ಅವರ ಕೈಗೇ ಕೊಡಿ. "ಏನೂ ಇಲ್ಲ ಬಿಡು" ಅಂತಾರೆ, ಬಿಡಬೇಡಿ. ಇನ್ನೊಮ್ಮೆ ಕೇಳಿ.